ದಾಸವಾಳದ ಸುಳಿ ಮುರುಟುತ್ತಿದೆಯೇ? ಔಷಧಿಗೆ ಮುಂಚೆ ಎಲೆಯ ಹಿಂಬದಿ ನೋಡಿ

ಪ್ರಶ್ನೆ: ಬಸವನಗುಡಿಯ ನಮ್ಮ ಮನೆಯ ತಾರಸಿಯಲ್ಲಿ ಒಂಬತ್ತು ಕುಂಡ ದಾಸವಾಳ ಇವೆ. ಹೂವು ದಿನಾ ದೇವರಿಗೆ ಬೇಕು. ಫೆಬ್ರವರಿ ಕೊನೆಯಿಂದ ನಾಲ್ಕು ಗಿಡಗಳ ಸುಳಿ ಮುದ್ದೆಯಂತೆ ಮುರುಟಿ ಬಿಳಿ ಹತ್ತಿ ಕಟ್ಟಿದೆ. ಕೆಳಗಿನ ಎಲೆಗಳ ಮೇಲೆ ಕಪ್ಪು ಮಸಿ, ಕಾಂಡದ ತುಂಬ ಇರುವೆ ಸಾಲು. ಅಂಗಡಿಯಲ್ಲಿ ‘ನುಸಿ ಬಂದು ಮುಟುರು ಆಗಿದೆ’ ಎಂದಾಗ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಟ್ಟರು. ಹೊಡೆದ ಮೇಲೆ ಹಿಟ್ಟು ಸ್ವಲ್ಪ ಇಳಿಯಿತು. ಎರಡು ವಾರ ಕಳೆದ ಮೇಲೆ ಶೀಟಿನ ಪಕ್ಕದ ಎರಡು ಗಿಡಗಳ ಎಲೆ ಬೂದಿ ಬಣ್ಣಕ್ಕೆ ತಿರುಗಿ ಉದುರತೊಡಗಿತು. ಮೊಗ್ಗೂ ಉದುರುತ್ತಿದೆ. ಬೆಳ್ಳುಳ್ಳಿ–ಮೆಣಸಿನಕಾಯಿ ರಸ, ಶಾಂಪೂ ನೀರು ಎಲ್ಲ ಆಯಿತು. ಯಾವ ಔಷಧಿ ಹೊಡೆಯಲಿ?

ಉತ್ತರ: ನಿಮ್ಮ ತಾರಸಿಯಲ್ಲಿರುವುದು ಎರಡು ಬೇರೆ ಬೇರೆ ಕಾಟ. ಮುರುಟಿದ ನಾಲ್ಕು ಗಿಡಗಳಲ್ಲಿ ಇರುವುದು ಹಿಟ್ಟು ತಿಗಣೆ. ಬೂದಿ ಬಣ್ಣಕ್ಕೆ ತಿರುಗಿದ ಎರಡರಲ್ಲಿ ಇರುವುದು, ನೀವು ಬರೆದ ಲಕ್ಷಣ ನೋಡಿದರೆ, ಜೇಡನುಸಿ. ಒಂದಕ್ಕೆ ತಾಗುವ ಔಷಧಿ ಇನ್ನೊಂದಕ್ಕೆ ತಾಗದು. ಕಪ್ಪು ಮಸಿ ಮೂರನೆಯ ರೋಗವಲ್ಲ. ತಿಗಣೆ ರಸ ಹೀರಿ ಹೊರಬಿಡುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ತೊಟ್ಟಿಕ್ಕುತ್ತದೆ, ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಅದಕ್ಕೆ ಶಿಲೀಂಧ್ರನಾಶಕ ಹೊಡೆದು ದುಡ್ಡು ಕಳೆಯಬೇಡಿ. ತಿಗಣೆ ಹೋದರೆ ಅಂಟು ನಿಲ್ಲುತ್ತದೆ, ಉಳಿದ ಮಸಿ ಒದ್ದೆ ಬಟ್ಟೆಗೆ ಬಿಡುತ್ತದೆ.

ತಪ್ಪು ನಡೆದದ್ದು ‘ನುಸಿ’ ಎಂಬ ಮಾತಿನಲ್ಲಿ. ನಮ್ಮಲ್ಲಿ ಥ್ರಿಪ್ಸ್‌ಗೂ ನುಸಿ ಎನ್ನುತ್ತಾರೆ, ಮೈಟ್‌ಗೂ ನುಸಿ ಎನ್ನುತ್ತಾರೆ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಕೀಟವೇ ಅಲ್ಲ, ಎಂಟು ಕಾಲಿನ, ಜೇಡನ ಬಳಗದ ಜೀವಿ. ಇಮಿಡಾಕ್ಲೋಪ್ರಿಡ್ ರಸ ಹೀರುವ ಕೀಟಗಳಿಗೆ ನಾಟುತ್ತದೆ, ಮೈಟ್‌ಗೆ ನಾಟುವುದಿಲ್ಲ. ಅದನ್ನು ಬಳಸಿದ ಮೇಲೆ ಜೇಡನುಸಿ ಏರುವುದು ಹಲವು ಬೆಳೆಗಳಲ್ಲಿ ಕಂಡಿದೆ, ಏಕೆಂದರೆ ನುಸಿಯನ್ನು ತಿಂದು ಬದುಕುವ ಕೀಟಗಳೂ ಆ ವಿಷಕ್ಕೆ ಸಿಗುತ್ತವೆ. ನಿಮ್ಮ ಗಿಡಗಳಲ್ಲಿ ಎರಡು ವಾರದ ನಂತರ ಬೂದಿ ಬಣ್ಣ ಬಂದದ್ದು ಇದಕ್ಕೆ ಹೊಂದುತ್ತದೆ. ಅಂಗಡಿಗೆ ಹೋದಾಗ ಹೆಸರು ಹೇಳಬೇಡಿ. ಕಾಟ ಇರುವ ಎಲೆ ನಾಲ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೋರಿಸಿ.

ಈಗ ಪರೀಕ್ಷೆ. ಬೇಕಾದದ್ದು ಬಿಳಿ ಕಾಗದ, ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಅಥವಾ ಒಳ್ಳೆಯ ಮೊಬೈಲ್ ಕ್ಯಾಮೆರಾ, ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಸ್ವಲ್ಪ. ಹತ್ತಿಯಂಥ ಮುದ್ದೆಯನ್ನು ಬೆಂಕಿಕಡ್ಡಿಯಿಂದ ಬಿಡಿಸಿ, ಒಳಗಿನ ಹುಳುವೊಂದನ್ನು ಕಾಗದದ ಮೇಲೆ ಒತ್ತಿ. ಗುಲಾಬಿ–ಕೆಂಪು ರಸ ಬಂದು, ಪಕ್ಕದಲ್ಲಿ ಗುಲಾಬಿ ಬಣ್ಣದ ಮೊಟ್ಟೆಗಳೂ ಕಂಡರೆ ಅದು ದಾಸವಾಳದ ಗುಲಾಬಿ ಹಿಟ್ಟು ತಿಗಣೆ, ಮ್ಯಾಕೊನೆಲಿಕಾಕಸ್ ಹಿರ್ಸುಟಸ್. ರಸ ಹಳದಿಯಾಗಿದ್ದು, ಹುಳುವನ್ನು ಸ್ಪಿರಿಟ್‌ನಲ್ಲಿ ಹಾಕಿದಾಗ ನೀಲಿಗಪ್ಪಾದರೆ ಪರಂಗಿ ಗಿಡದ ಹಿಟ್ಟು ತಿಗಣೆ. ಬೆನ್ನಿನ ಮೇಲೆ ಸಾಲಾಗಿ ಕಪ್ಪು ಕಲೆಗಳಿದ್ದರೆ ಹತ್ತಿಯ ಹಿಟ್ಟು ತಿಗಣೆ. ಮೂರೂ ಬೆಂಗಳೂರಿನಲ್ಲಿ ಇವೆ, ಮೂರೂ ದಾಸವಾಳಕ್ಕೆ ಬರುತ್ತವೆ.

ಸುಳಿ ಗಟ್ಟಿಯಾಗಿ ಮುದ್ದೆ ಕಟ್ಟುವುದು ಮುಖ್ಯವಾಗಿ ಗುಲಾಬಿ ತಿಗಣೆಯ ಗುರುತು. ಅದರ ಜೊಲ್ಲಿನಲ್ಲಿರುವ ವಿಷ ಎಳೆ ಜೀವಕೋಶಗಳ ಬೆಳವಣಿಗೆಯನ್ನೇ ಕೆಡಿಸುತ್ತದೆ. ಗೆಣ್ಣುಗಳ ನಡುವಿನ ಅಂತರ ಕುಗ್ಗಿ, ಎಲೆಗಳು ಒಂದರ ಮೇಲೊಂದು ಕೂತು, ಒಳಗೆ ತಿಗಣೆಗೆ ಬೆಚ್ಚನೆಯ ಮನೆಯಾಗುತ್ತದೆ. ನೀವು ಹೊಡೆದ ಬೆಳ್ಳುಳ್ಳಿ ರಸ, ಶಾಂಪೂ ನೀರು ಯಾವುದೂ ಆ ಮಡಿಕೆಯೊಳಗೆ ಇಳಿದಿಲ್ಲ. ಒಂದು ಹೆಣ್ಣು ಸುಮಾರು 150ರಿಂದ 600 ಮೊಟ್ಟೆ ಇಡುತ್ತದೆ, ಬಿಸಿಲುಗಾಲದಲ್ಲಿ ತಿಂಗಳೊಳಗೆ ಒಂದು ತಲೆಮಾರು ಮುಗಿಯುತ್ತದೆ. ಮೊಟ್ಟೆಗಳ ಸುತ್ತ ಮೇಣದ ಚೀಲ. ನೀರು, ಸೋಪು, ಎಣ್ಣೆ ಯಾವುದೂ ಅದನ್ನು ಸುಲಭವಾಗಿ ದಾಟುವುದಿಲ್ಲ. ಕೆರಿಬಿಯನ್‌ನ ಗ್ರೆನಡಾ ದ್ವೀಪಕ್ಕೆ ಈ ತಿಗಣೆ ಹೊಕ್ಕದ್ದು 1994ರಲ್ಲಿ ಗೊತ್ತಾಯಿತು. ಅಲ್ಲಿ ಅದನ್ನು ಹಿಡಿತಕ್ಕೆ ತಂದದ್ದು ತಿಗಣೆಯನ್ನು ತಿನ್ನುವ ಮತ್ತು ಅದರೊಳಗೆ ಮೊಟ್ಟೆ ಇಡುವ ಕೀಟಗಳು. ಬರಿಯ ವಿಷದಿಂದ ಅದು ಆಗಲಿಲ್ಲ.

ಹಾಗಾಗಿ ಮೊದಲ ಸಾಧನ ಕತ್ತರಿ. ಮುರುಟಿದ ಭಾಗ ಮುಗಿದ ಜಾಗದಿಂದ ಇನ್ನೂ ನಾಲ್ಕೈದು ಅಂಗುಲ ಕೆಳಗೆ, ಆರೋಗ್ಯವಾಗಿರುವ ಗೆಣ್ಣಿನ ಮೇಲೆ ಕತ್ತರಿಸಿ. ಮೊಗ್ಗಿದೆ ಎಂದು ಉಳಿಸಬೇಡಿ. ಮುರುಟಿದ ಸುಳಿ ಮತ್ತೆ ನೇರವಾಗುವುದಿಲ್ಲ, ಆ ಮೊಗ್ಗು ಅರಳುವುದೂ ಅಪರೂಪ. ಕತ್ತರಿಸುವ ಮುಂಚೆಯೇ ಕೊಂಬೆಯ ಮೇಲೆ ಪ್ಲಾಸ್ಟಿಕ್ ಚೀಲ ಮುಸುಕು ಹಾಕಿ, ಚೀಲದೊಳಗೇ ಕತ್ತರಿ ಆಡಿಸಿ. ಇಲ್ಲದಿದ್ದರೆ ಕಣ್ಣಿಗೆ ಕಾಣದ ಮರಿಗಳು ಉಳಿದ ಎಲೆಗಳ ಮೇಲೆ ಉದುರುತ್ತವೆ. ಚೀಲದ ಬಾಯಿ ಬಿಗಿದು ಮೂರ್ನಾಲ್ಕು ದಿನ ತಾರಸಿಯ ಬಿಸಿಲಿನಲ್ಲಿಟ್ಟು ಆಮೇಲೆ ಕಸಕ್ಕೆ ಕೊಡಿ. ಮನೆಯ ಗೊಬ್ಬರದ ಡಬ್ಬಕ್ಕೂ ಪಕ್ಕದ ಖಾಲಿ ಸೈಟಿಗೂ ಹಾಕಬೇಡಿ. ಖಾಲಿ ಸೈಟಿನ ಪಾರ್ಥೇನಿಯಂ ಗಿಡ ಪರಂಗಿ ತಿಗಣೆ, ಹತ್ತಿ ತಿಗಣೆ ಎರಡಕ್ಕೂ ಆಸರೆ. ಅಲ್ಲಿಂದ ಗಾಳಿ ಮತ್ತು ಇರುವೆಗಳ ಮೂಲಕ ನಿಮ್ಮ ತಾರಸಿಗೇ ವಾಪಸು ಬರುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯ ಅಲಗನ್ನು ಸ್ಪಿರಿಟ್‌ನಿಂದ ಒರೆಸಿ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಸವರುವುದರಿಂದ ನಷ್ಟವಿಲ್ಲ. ಒಂದೂವರೆ ಎರಡು ತಿಂಗಳು ದೇವರಿಗೆ ಬೇರೆ ಹೂವು ಹೊಂದಿಸಿಕೊಳ್ಳಬೇಕು, ಅಷ್ಟೇ.

ಆದರೆ ಕತ್ತರಿಸುವ ಮೊದಲು ಒಂದು ನಿಮಿಷ ನಿಂತು ನೋಡಿ. ಬಿಳಿಯಾಗಿರುವುದೆಲ್ಲ ಶತ್ರುವಲ್ಲ. ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ಆಸ್ಟ್ರೇಲಿಯಾದ್ದು. ಕಾಫಿಯ ಹಸಿರು ಶಲ್ಕ ಕೀಟವನ್ನು ಹತೋಟಿಗೆ ತರಲೆಂದು 1898ರಲ್ಲಿ ದಕ್ಷಿಣ ಭಾರತಕ್ಕೆ ತಂದದ್ದು, ಇಲ್ಲಿಯೇ ನೆಲೆಯೂರಿತು. ಪ್ರೌಢ ಹುಳುವಿನ ರೆಕ್ಕೆ ಕಪ್ಪು, ತಲೆ ಮತ್ತು ಹಿಂತುದಿ ಕಿತ್ತಳೆ. ಅದರ ಮರಿಯ ಮೈತುಂಬ ಬಿಳಿ ಮೇಣದ ಎಳೆಗಳು, ಥೇಟ್ ಹಿಟ್ಟು ತಿಗಣೆಯಂತೆಯೇ. ಹೆದರಿಕೊಂಡು ಹೊಸಕಿಹಾಕುವವರೇ ಹೆಚ್ಚು, ಇದು ತುಂಬ ಬೇಸರದ ಸಂಗತಿ. ಗುರುತು ಸುಲಭ. ತಿಗಣೆ ಮೂರು ಮಿಲಿಮೀಟರ್ ಆಸುಪಾಸು, ಮುಟ್ಟಿದರೂ ಕದಲುವುದು ನಿಧಾನ. ಬೆಳೆದ ಗುಲಗಂಜಿ ಮರಿ ಅದರ ಮೂರ್ನಾಲ್ಕು ಪಟ್ಟು ಉದ್ದ, ಮೇಣದ ಎಳೆ ಉದ್ದುದ್ದ, ಕಡ್ಡಿ ತಗುಲಿಸಿದರೆ ಚುರುಕಾಗಿ ಓಡುತ್ತದೆ. ತಿಗಣೆಯ ಗುಂಪಿನೊಳಗೆ ಮೈಮೇಲೆ ಹಿಟ್ಟು ಹೊದ್ದ ಚಪ್ಪಟೆ ಕಂಬಳಿಹುಳು ಸಿಕ್ಕರೂ ಬಿಟ್ಟುಬಿಡಿ. ಅದು ಸ್ಪಾಲ್ಗಿಸ್ ಎಂಬ ಪುಟ್ಟ ಚಿಟ್ಟೆಯ ಮರಿ, ಎಲೆ ತಿನ್ನುವುದಿಲ್ಲ, ಹಿಟ್ಟು ತಿಗಣೆಯನ್ನೇ ತಿಂದು ಬೆಳೆಯುತ್ತದೆ. ಅದರ ಗೂಡು ಕೋತಿಯ ಮುಖದಂತೆ ಕಾಣುತ್ತದೆ, ಒಮ್ಮೆ ಕಂಡರೆ ಮರೆಯುವುದಿಲ್ಲ. ಪರಂಗಿ ತಿಗಣೆಯಾದರೆ ಇನ್ನೊಂದು ನೆರವಿದೆ. ಅಸೆರೊಫೇಗಸ್ ಪಪಾಯೆ ಎಂಬ ಸಣ್ಣ ಕಣಜವನ್ನು ಪೋರ್ಟೊರಿಕೊದಿಂದ ತರಿಸಿ, 2010ರಲ್ಲಿ ನಮ್ಮ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯ ಮೂಲಕ ಬಿಡಲಾಯಿತು. ಉಬ್ಬಿ ಕಂದು ಬಣ್ಣಕ್ಕೆ ತಿರುಗಿ, ಬೆನ್ನಲ್ಲಿ ಗುಂಡಗಿನ ತೂತಿರುವ ತಿಗಣೆ ಕಂಡರೆ ಆ ಕಣಜ ಅಥವಾ ಅದರ ಬಂಧು ಕೆಲಸ ಮಾಡಿದೆ ಎಂದರ್ಥ. ಇಂಥ ಯಾವುದಾದರೂ ಕಂಡ ಕುಂಡಕ್ಕೆ ಬೇವಿನ ಎಣ್ಣೆಯನ್ನೂ ಹೊಡೆಯಬೇಡಿ. ಇರುವೆ ತಡೆದು ಎರಡು ವಾರ ಕಾಯಿರಿ.

ಇರುವೆ ತಡೆಯುವುದು ಕಡೆಗಣಿಸುವ ಮಾತಲ್ಲ. ಇರುವೆಗಳು ಸಿಹಿ ಅಂಟಿಗಾಗಿ ತಿಗಣೆಯನ್ನು ಹಸು ಕಾದಂತೆ ಕಾಯುತ್ತವೆ, ಗುಲಗಂಜಿ ಮರಿಯನ್ನೂ ಕಣಜವನ್ನೂ ಓಡಿಸುತ್ತವೆ. ಕುಂಡವನ್ನು ಮೂರು ಇಟ್ಟಿಗೆಯ ಮೇಲಿಟ್ಟು, ಇಟ್ಟಿಗೆಗಳನ್ನು ನೀರು ತುಂಬಿದ ತಟ್ಟೆಯಲ್ಲಿಡುವುದು ಹಳೆಯ ಉಪಾಯ, ಚೆನ್ನಾಗಿಯೇ ನಡೆಯುತ್ತದೆ. ಆದರೆ ಡೆಂಗಿ ಇರುವ ಊರು ಇದು. ಆ ನೀರನ್ನು ಮೂರು ದಿನಕ್ಕೊಮ್ಮೆ ಚೆಲ್ಲಿ ತಟ್ಟೆ ಉಜ್ಜಲೇಬೇಕು, ಇಲ್ಲವಾದರೆ ಸೊಳ್ಳೆ ಸಾಕಿದಂತಾಗುತ್ತದೆ. ಅದು ಆಗದವರು ಕುಂಡದ ಹೊರಗೋಡೆಯ ಸುತ್ತ ಎರಡು ಬೆರಳಗಲ ವ್ಯಾಸಲೀನ್ ಬಳಿಯಿರಿ, ಧೂಳು ಕೂತು ಗಟ್ಟಿಯಾದಾಗ ಒರೆಸಿ ಮತ್ತೆ ಬಳಿಯಿರಿ. ಗಿಡದ ಯಾವ ಎಲೆಯೂ ಗೋಡೆಗೆ, ಬಟ್ಟೆ ಒಣಹಾಕುವ ತಂತಿಗೆ, ಪಕ್ಕದ ಕುಂಡಕ್ಕೆ ತಾಗಬಾರದು. ತಾಗಿದರೆ ಅದೇ ಸೇತುವೆ. ಗೂಡೇ ಅಳಿಯಬೇಕೆಂದರೆ 100 ಮಿಲಿ ನೀರಿಗೆ 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಪುಡಿ ಕರಗಿಸಿ, ಹತ್ತಿಯಲ್ಲಿ ಅದ್ದಿ, ತೂತಿರುವ ಮುಚ್ಚಿದ ಡಬ್ಬಿಯಲ್ಲಿ ಇರುವೆಯ ದಾರಿಯಲ್ಲಿಡಿ. ಪುಡಿ ಜಾಸ್ತಿ ಹಾಕಿದರೆ ಕೆಲಸಗಾರ ಇರುವೆಗಳು ದಾರಿಯಲ್ಲೇ ಸತ್ತು ವಿಷ ರಾಣಿಯವರೆಗೆ ತಲುಪುವುದೇ ಇಲ್ಲ. ಮಕ್ಕಳು, ನಾಯಿ ಬೆಕ್ಕುಗಳ ಕೈಗೆ ಸಿಗದಂತೆ ಇಡಿ.

ಸವರಿ, ಇರುವೆ ತಡೆದ ಮೇಲೆ ಸಿಂಪಡಣೆ. ಒಂದು ಲೀಟರಿಗೆ ಬೇವಿನ ಎಣ್ಣೆ 5 ಮಿಲಿ, ಅಂದರೆ ಒಂದು ಟೀ ಚಮಚ, ಪಾತ್ರೆ ತೊಳೆಯುವ ದ್ರವ 2 ಮಿಲಿ. ಎಣ್ಣೆಯನ್ನು ನೇರವಾಗಿ ನೀರಿಗೆ ಸುರಿಯುವುದೇ ಎಲೆ ಸುಡಲು ಮುಖ್ಯ ಕಾರಣ. ಸಣ್ಣ ಬಟ್ಟಲಲ್ಲಿ ಎಣ್ಣೆ ಮತ್ತು ಸೋಪನ್ನು ಮೊದಲು ಕಲಸಿ, ಅರ್ಧ ಲೋಟ ಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹಾಲಿನಂತಾಗುವವರೆಗೆ ಕಡೆಯಿರಿ. ಆಮೇಲೆ ಉಳಿದ ನೀರು. ಮೇಲೆ ಎಣ್ಣೆಯ ಕಣ್ಣು ತೇಲಿದರೆ ಅದು ಬೆರೆತಿಲ್ಲ, ಹೊಡೆಯಬೇಡಿ. ಬೋರ್‌ವೆಲ್, ಟ್ಯಾಂಕರ್ ನೀರು ಗಡಸಾಗಿದ್ದರೆ ಸೋಪು ಒಡೆದು ಬಿಳಿ ಗಸಿಯಾಗುತ್ತದೆ. ನೊರೆ ಬರದಿದ್ದರೆ ಅದೇ ಸೂಚನೆ. ಕಾವೇರಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ.  ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ, ಅದರಲ್ಲಿರುವ ಸೋಡಾ ಎಲೆಯಂಚನ್ನು ಸುಡುತ್ತದೆ. ಎಣ್ಣೆ ಕಲಸುವುದು ರಗಳೆ ಎನಿಸಿದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನು ಸಿಗುತ್ತವೆ. ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ತುರಿದು ಕರಗಿಸಿದರೆ ಸಾಕು.

ಸಂಜೆ ಐದರ ಮೇಲೆ, ಎಲೆಯ ಹಿಂಬದಿ ತೊಟ್ಟಿಕ್ಕುವಷ್ಟು ಹೊಡೆಯಿರಿ. ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ, ಎಣ್ಣೆ ಹಚ್ಚಿದ ಎಲೆ ಬಿಸಿಲಿಗೆ ಬೇಯುತ್ತದೆ, ಎರಡೂ ಕಾರಣ. ಎರಡು ಲೀಟರಿನ ಕೈ ಪಂಪಿನಲ್ಲಿ ಮೂರು ಅಡಿಯ ಗಿಡಕ್ಕೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರು ಬೇಕಾಗುತ್ತದೆ. ಹೈಬ್ರಿಡ್ ದಾಸವಾಳಗಳ ಎಲೆ ನಮ್ಮ ನಾಟಿ ಕೆಂಪು ದಾಸವಾಳದಷ್ಟು ತಡೆದುಕೊಳ್ಳುವುದಿಲ್ಲ. ಮೊದಲು ಒಂದೇ ಕೊಂಬೆಗೆ ಹೊಡೆದು ಎರಡು ದಿನ ನೋಡಿ. ಏಳು ದಿನಕ್ಕೊಮ್ಮೆಯಂತೆ ಮೂರು ಸಲ ತಪ್ಪಬಾರದು. ಮೊದಲ ಸಲ ಉಳಿದ ಮೊಟ್ಟೆಗಳು ವಾರದ ಹೊತ್ತಿಗೆ ಒಡೆಯುತ್ತವೆ, ಮರಿಗಳಿಗೆ ಇನ್ನೂ ಮೇಣದ ಹೊದಿಕೆ ಬಲಿತಿರುವುದಿಲ್ಲ, ಸೋಪು–ಎಣ್ಣೆಗೆ ಸಿಗುವುದು ಆಗಲೇ. ಒಂದು ಸಲ ಹೊಡೆದು ‘ಬೇವು ನಡೆಯಲಿಲ್ಲ’ ಎಂದವರೆಲ್ಲ ಬಿಟ್ಟದ್ದು ಆ ಎರಡನೆಯ, ಮೂರನೆಯ ವಾರವನ್ನು. ಗೆಣ್ಣಿನ ಸಂದಿಯಲ್ಲಿ ಉಳಿದ ಒಂಟಿ ತಿಗಣೆಗೆ ಸ್ಪಿರಿಟ್ ಅದ್ದಿದ ಕಿವಿಕಡ್ಡಿ ಮುಟ್ಟಿಸಿದರೆ ಸಾಕು.

ಇನ್ನು ಆ ಎರಡು ಬೂದಿ ಬಣ್ಣದ ಗಿಡಗಳು. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಎಲೆಯನ್ನು ಬೆರಳಿನಿಂದ ತಟ್ಟಿ. ಧೂಳಿನಂತೆ ಬಿದ್ದದ್ದು ಅರ್ಧ ನಿಮಿಷದಲ್ಲಿ ಹರಿದಾಡಿ, ಒರೆಸಿದರೆ ಕೆಂಪಗೋ ಹಸಿರಾಗಿಯೋ ಗೆರೆ ಎಳೆದರೆ ಜೇಡನುಸಿ. ಎಲೆಯ ಮೇಲ್ಭಾಗದಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು, ಹಿಂಬದಿಯಲ್ಲಿ ನವಿರಾದ ಬಲೆ, ದುಂಡನೆಯ ಮೊಟ್ಟೆ ಕಾಣುತ್ತವೆ. ಶೀಟಿನ ಪಕ್ಕ ಬಂದದ್ದು ಆಕಸ್ಮಿಕವಲ್ಲ. ಅಲ್ಲಿ ಕಾವು ಹೆಚ್ಚು, ಗಾಳಿ ಒಣ, ಮಳೆಹನಿ ಬೀಳುವುದಿಲ್ಲ, ಧೂಳು ಕೂರುತ್ತದೆ. ನುಸಿಗೆ ಬೇಕಾದ್ದೆಲ್ಲ ಒಂದೇ ಕಡೆ. 30 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಮೊಟ್ಟೆಯಿಂದ ಪ್ರೌಢವಾಗಲು ಹತ್ತು ದಿನವೂ ಬೇಡ.

ಇದಕ್ಕೆ ಮೊದಲ ಮದ್ದು ನೀರು. ಕುಂಡವನ್ನು ತೆರೆದ ಜಾಗಕ್ಕೆ ತಂದು ಮಲಗಿಸಿ, ಮಣ್ಣು ಬೀಳದಂತೆ ಬಾಯಿಗೆ ಗೋಣಿ ಕಟ್ಟಿ, ಎಲೆಯ ಹಿಂಬದಿಗೆ ಜೋರಾಗಿ ನೀರು ಹಾಯಿಸಿ. ಬಲೆ ಹರಿದರೆ ನುಸಿ ಚದುರುತ್ತದೆ. ಬೆಳಗ್ಗೆಯೇ ಮಾಡಿ, ಎಲೆ ಸಂಜೆಯೊಳಗೆ ಒಣಗಲಿ. ಮೂರು ದಿನಕ್ಕೊಮ್ಮೆ, ಐದು ಸಲ. ನೀರಿಗೆ ತತ್ವಾರವಿರುವ ಮನೆಯಲ್ಲಿ ಕೈ ಪಂಪಿನ ಮೂತಿಯನ್ನು ಸೀದಾ ಧಾರೆಗೆ ತಿರುಗಿಸಿದರೆ ಗಿಡಕ್ಕೆ ಎರಡು ಲೀಟರಿನಲ್ಲಿ ಮುಗಿಯುತ್ತದೆ. ಪೂರ್ತಿ ಹಳದಿಯಾದ ಎಲೆ ಕಿತ್ತು ಚೀಲಕ್ಕೆ ಹಾಕಿ. ಮೇಲೆ ಹೇಳಿದ ಬೇವು–ಸೋಪಿನ ಮಿಶ್ರಣ ನುಸಿಗೂ ಆಗುತ್ತದೆ, ನೀರಿನ ದಿನಗಳ ನಡುವೆ ವಾರಕ್ಕೊಂದು ಸಲ. ಗಂಧಕ ಹೊಡೆಯಿರಿ ಎಂದು ಯಾರಾದರೂ ಹೇಳಬಹುದು. ನೀರಿನಲ್ಲಿ ಬೆರೆಯುವ 80 ಶೇಕಡಾ ಗಂಧಕದ ಪುಡಿ ಲೀಟರಿಗೆ 2 ಗ್ರಾಂ ನುಸಿಗೆ ಒಳ್ಳೆಯದೇ, ಆದರೆ ಮಾರ್ಚ್–ಏಪ್ರಿಲ್ ತಿಂಗಳಿಗೆ ಅಲ್ಲ. 32 ಡಿಗ್ರಿ ದಾಟಿದ ದಿನ ಅದು ಎಲೆ ಸುಡುತ್ತದೆ. ಎಣ್ಣೆ ಹೊಡೆದ ಮೂರು ವಾರದೊಳಗೆ ಗಂಧಕ ಹೊಡೆದರೆ ತಂಪಿನ ದಿನದಲ್ಲೂ ಸುಡುತ್ತದೆ.

ಬಲೆಯೂ ಇಲ್ಲ, ಹಿಟ್ಟೂ ಇಲ್ಲ, ಆದರೂ ಎಳೆ ಎಲೆ ಗಡುಸಾಗಿ ಅಂಚು ಕೆಳಕ್ಕೆ ಮಡಚಿದ್ದರೆ ಅದು ಬರಿಗಣ್ಣಿಗೆ ಕಾಣದ ಹಳದಿ ಮೈಟ್ ಇರಬಹುದು. ಮೆಣಸಿನ ಗಿಡದಲ್ಲಿ ಎಲೆ ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್, ಕೆಳಕ್ಕೆ ಮಡಚಿದರೆ ಮೈಟ್ ಎಂದು ರೈತರು ಗುರುತು ಹಿಡಿಯುತ್ತಾರೆ. ದಾಸವಾಳದಲ್ಲೂ ಅದು ಒಳ್ಳೆಯ ಆರಂಭ.

ಮೊಗ್ಗು ಉದುರುವುದಕ್ಕೆ ಯಾವಾಗಲೂ ಹುಳುವೇ ಕಾರಣವಲ್ಲ. ಉದುರಿದ ಐದಾರು ಮೊಗ್ಗುಗಳನ್ನು ಬ್ಲೇಡಿನಿಂದ ಸೀಳಿ ನೋಡಿ. ತೂತು ಮತ್ತು ಹಿಕ್ಕೆ ಇದ್ದರೆ ಕಾಯಿಕೊರಕ, ಬೆಂಡೆಕಾಯಿಗೆ ಬರುವ ಹುಳುವೇ. ದಾಸವಾಳ, ಬೆಂಡೆ, ಹತ್ತಿ ಒಂದೇ ಕುಟುಂಬ, ಆದ್ದರಿಂದ ಬೆಂಡೆ ಕುಂಡವನ್ನು ದಾಸವಾಳದಿಂದ ದೂರವಿಡಿ. ಒಳಗೆ ಏನೂ ಇಲ್ಲದಿದ್ದರೆ ಒಂದು ದಿನ ಒಣಗಿಸಿ ಮರುದಿನ ಮುಳುಗಿಸುವ ನೀರಿನ ಏರುಪೇರೇ ಕಾರಣ. ಹತ್ತು ಅಂಗುಲದ ಕುಂಡ ಏಪ್ರಿಲ್‌ನಲ್ಲಿ ತಾರಸಿಯ ಕಾವಿಗೆ ಒಂದೇ ದಿನದಲ್ಲಿ ಒಣಗುತ್ತದೆ. ಸಸ್ಯಹೇನು ಬರುವುದು ಹೆಚ್ಚಾಗಿ ಅವರೆಕಾಯಿ ಕಾಲದ ತಂಪಿನಲ್ಲಿ, ನೀರಿನ ಧಾರೆಗೇ ಉದುರುತ್ತದೆ. ಬಿಳಿನೊಣಕ್ಕೆ ಹಳದಿ ಅಂಟುಕಾರ್ಡು ಎರಡು ಕುಂಡಕ್ಕೊಂದು ಸಾಕು. ಎಲೆ ಹಿಂದೆ ಸುರುಳಿ ಸುರುಳಿಯಾಗಿ ಬಿಳಿ ಮೇಣ ಬರೆದಂತಿದ್ದರೆ ಸುರುಳಿ ಬಿಳಿನೊಣ, ಆ ಎಲೆಗಳನ್ನೇ ಕಿತ್ತುಬಿಡಿ.

ಗೊಬ್ಬರದ ವಿಷಯ. ನೀವು ಬರೆದಿಲ್ಲ, ಆದರೆ ತಾರಸಿ ತೋಟದಲ್ಲಿ ವಾರವಾರ ಹಿಂಡಿ ನೀರು, ಯೂರಿಯಾ ಹಾಕುವುದು ಬಹಳ ಮನೆಗಳಲ್ಲಿದೆ. ಸಾರಜನಕ ಹೆಚ್ಚಾದ ಚಿಗುರು ಮೆತ್ತಗೆ, ರಸಭರಿತ, ಹೀರುವ ಕೀಟಕ್ಕೆ ಹಬ್ಬ. ಕಾಟ ಇಳಿಯುವವರೆಗೆ ಎರಡೂ ನಿಲ್ಲಿಸಿ. ಸವರಿದ ಮೂರನೇ ವಾರ ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ, ಅಷ್ಟೇ.

ಇಷ್ಟೆಲ್ಲ ಮಾಡಿ ನಾಲ್ಕು ವಾರವಾದರೂ ಹೊಸ ಚಿಗುರು ಮುರುಟಿದರೆ ಮಾತ್ರ ರಾಸಾಯನಿಕ. ಹಿಟ್ಟು ತಿಗಣೆಗೆ ಬುಪ್ರೊಫೆಜಿನ್ 25 ಎಸ್‌ಸಿ (ಎಸ್‌ಸಿ ಎಂದರೆ ನೀರಿಗೆ ಬೆರೆಸುವ ದ್ರವ ರೂಪ) ಲೀಟರಿಗೆ 1 ಮಿಲಿ. ಇದು ಮರಿಗಳ ಪೊರೆ ಬಿಡುವಿಕೆಯನ್ನು ತಡೆಯುತ್ತದೆ, ಪ್ರೌಢ ಹೆಣ್ಣನ್ನು ಕೊಲ್ಲುವುದಿಲ್ಲ, ಆದ್ದರಿಂದ ಫಲ ಕಾಣಲು ಹತ್ತು ದಿನ ಬೇಕು. ಜೇಡನುಸಿಗೆ ಸ್ಪೈರೊಮೆಸಿಫೆನ್ 22.9 ಎಸ್‌ಸಿ ಲೀಟರಿಗೆ 0.8 ಮಿಲಿ. ಇಷ್ಟು ಸಣ್ಣ ಅಳತೆಯನ್ನು ಮುಚ್ಚಳದಲ್ಲಿ ಅಂದಾಜು ಮಾಡಬೇಡಿ, ಸೂಜಿಯಿಲ್ಲದ 1 ಮಿಲಿ ಸಿರಿಂಜ್ ಬಳಸಿ, ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ. ಹೊಡೆಯುವ ಹಿಂದಿನ ದಿನ ಅರಳಿದ ಹೂವು, ದೊಡ್ಡ ಮೊಗ್ಗುಗಳನ್ನೆಲ್ಲ ತೆಗೆಯಿರಿ. ಕೈಗವಸು, ಮಾಸ್ಕ್, ಪೂರ್ತಿ ತೋಳಿನ ಅಂಗಿ ಇರಲಿ. ಇಮಿಡಾಕ್ಲೋಪ್ರಿಡ್ ಮತ್ತೆ ಬೇಡ. ಅದು ಗಿಡದ ರಸದಲ್ಲಿ ಹರಿದು ಮಕರಂದಕ್ಕೂ ಸೇರುತ್ತದೆ. ನಿಮ್ಮ ದಾಸವಾಳಕ್ಕೆ ಸೂರಕ್ಕಿ, ಜೇನು ಬರುತ್ತವೆ. ಮನೆಯಲ್ಲಿ ಹೂವನ್ನು ತಲೆಗೆ ಎಣ್ಣೆ ಕಾಯಿಸಲು, ಚಹಾಕ್ಕೆ ಬಳಸುವವರೂ ಇರುತ್ತಾರೆ. ಈಗಾಗಲೇ ಹೊಡೆದಿರುವ ಗಿಡಗಳ ಹೂವನ್ನು ಈ ಬೇಸಿಗೆ ಮುಗಿಯುವವರೆಗೆ ತಿನ್ನುವುದಕ್ಕೆ, ಕುಡಿಯುವುದಕ್ಕೆ ಬಳಸಬೇಡಿ.

ಒಂಬತ್ತರಲ್ಲಿ ಒಂದು ಗಿಡ ಬುಡದವರೆಗೂ ಹಿಟ್ಟು ಕಟ್ಟಿದ್ದು, ಸವರಿದರೆ ಹಸಿರೇ ಉಳಿಯದು ಎಂಬಂತಿದ್ದರೆ ಅದನ್ನು ಬಿಟ್ಟುಕೊಡಿ, ಉಳಿದ ಎಂಟು ಬದುಕುತ್ತವೆ. ಅದನ್ನು ಮಣ್ಣುಸಮೇತ ಚೀಲಕ್ಕೆ ಹಾಕಿ. ಬೇರಿನ ಸುತ್ತಲೂ ಬಿಳಿ ಹಿಟ್ಟು ಕಂಡರೆ ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ. ಖಾಲಿ ಕುಂಡದ ಅಂಚಿನ ಕೆಳಗೆ, ನೀರಿಳಿಯುವ ತೂತಿನ ಒಳಗೆ ಮೊಟ್ಟೆಚೀಲ ಅಂಟಿಕೊಂಡಿರುತ್ತದೆ, ಕುದಿಯುವ ನೀರು ಹೊಯ್ದು ಬ್ರಷ್‌ನಿಂದ ಉಜ್ಜಿ ಬಿಸಿಲಿಗಿಡಿ. ಅದರ ಬದಲಿಗೆ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಿಂದಲೋ ನರ್ಸರಿಯಿಂದಲೋ ಹೊಸ ಸಸಿ ತಂದರೆ, ಮೂರು ವಾರ ತಾರಸಿಯ ಇನ್ನೊಂದು ಮೂಲೆಯಲ್ಲಿ ಒಂಟಿಯಾಗಿಟ್ಟು, ವಾರಕ್ಕೆರಡು ಸಲ ಎಲೆ ಹಿಂಬದಿ ಮತ್ತು ಗೆಣ್ಣಿನ ಸಂದಿ ನೋಡಿದ ಮೇಲೆಯೇ ಉಳಿದ ಕುಂಡಗಳ ಸಾಲಿಗೆ ಸೇರಿಸಿ.